ಮಕ್ಕಳ ಕೆಲಸಕ್ಕೂ ದಲ್ಲಾಳಿ ಬೇಕೇ?

(ಗ್ರಾಮ ಘಟಕವೊಂದರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ಮಾತಾಡೋಕೆ ನಾವು ಪ್ರತಿ ಸಲ ಸೇರ್ತೀವಿ. ರಾಗಿಗೆ ಎಷ್ಟು, ಕಬ್ಬಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು ಅಂತ ಬೆರಳು ಮಡಿಸಿ ಲೆಕ್ಕ ಹಾಕ್ತೀವಿ. ಇವತ್ತು ನಾನು ಬೇರೆ ಲೆಕ್ಕ ಕೇಳೋಕೆ ನಿಂತಿದ್ದೀನಿ. ಹತ್ತು ಹನ್ನೆರಡು ವರ್ಷ ಉಣ್ಣಿಸಿ, ಉಡಿಸಿ, ಶಾಲೆಗೆ ಕಳಿಸಿದ ಮಗ, ಮಗಳು ಶಾಲೆ ಬಿಟ್ಟ ಮಾರನೆಯ ದಿನ ಎಲ್ಲಿಗೆ ಹೋಗ್ತಾರೆ? ಈ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಉತ್ತರ ಇದೆಯೇ?

ಸಾಲದ ವಿಚಾರ ಬಿಟ್ಟು ಇದನ್ನು ಯಾಕೆ ಎತ್ತಿದ ಅನ್ನಬೇಡಿ. ಇದೂ ಸಾಲದ ವಿಚಾರವೇ. ಬೋರ್‌ವೆಲ್ಲಿಗೆ ಸಾಲ, ಮದುವೆಗೆ ಸಾಲ, ಆಸ್ಪತ್ರೆಗೆ ಸಾಲ, ಇವು ನಮಗೆ ಗೊತ್ತು. ಆದರೆ ಓದಿಗೂ ಕೆಲಸಕ್ಕೂ ನಡುವೆ ಒಂದು ಕಂದಕ ಇದೆ. ಅದನ್ನು ದಾಟಿಸ್ತೀನಿ ಅಂತ ಒಬ್ಬ ದಲ್ಲಾಳಿ ಬಂದು ನಿಂತಿರ್ತಾನೆ. ಮಂಡಿಯಲ್ಲಿ ನಮ್ಮ ಕಾಳಿಗೆ ದಲ್ಲಾಳಿ ಇದ್ದ. ಈಗ ನಮ್ಮ ಮಕ್ಕಳಿಗೂ ಬಂದಿದ್ದಾನೆ. ‘ಒಂದು ಲಕ್ಷ ಕೊಡಿ, ಹುಡುಗನ್ನ ಕಂಪನಿಗೆ ಸೇರಿಸ್ತೀನಿ’ ಅಂತಾನೆ. ನಾವು ಪಹಣಿ ಹಿಡಕೊಂಡು ಕೈಸಾಲ ಕೊಡೋನ ಮನೆ ಬಾಗಿಲಿಗೆ ಹೋಗ್ತೀವಿ.

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. ಅಸಲು ಹಾಗೇ ನಿಂತಿರುತ್ತೆ. ಹುಡುಗನಿಗೆ ಸಿಕ್ಕೋದು ಗುತ್ತಿಗೆದಾರನ ಕೈಕೆಳಗಿನ ಕೆಲಸ. ಆರು ತಿಂಗಳಾದ ಮೇಲೆ ‘ನಾಳೆಯಿಂದ ಬರಬೇಡ’ ಅಂದರೆ ಮುಗಿಯಿತು. ಕೆಲಸ ಹೋಗುತ್ತೆ, ಬಡ್ಡಿ ಹೋಗಲ್ಲ.

ಇನ್ನೊಂದು ಮಗ್ಗುಲು ನೋಡಿ. ನಮ್ಮ ದೇಶದಲ್ಲಿ 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಅದು ಹೇಳೋದು ನಾವು ಮಾಡೋದಕ್ಕೆ ತಿರುಗುಮುರುಗು. ಕೆಲಸ ಕಲಿಯಲು ಬಂದವನು ಮಾಲೀಕನಿಗೆ ಹಣ ಕೊಡಬೇಕಿಲ್ಲ. ಮಾಲೀಕನೇ ಅವನಿಗೆ ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. 2019ರಲ್ಲಿ ತಿದ್ದಿದ ನಿಯಮ ಕನಿಷ್ಠ ಮೊತ್ತ ಗೊತ್ತುಮಾಡಿತು: ಹತ್ತನೆಯ ತರಗತಿ ಪಾಸಾದವರಿಗೆ 6,000 ರೂಪಾಯಿ, ಐಟಿಐ ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಬಲದ ನೂರಕ್ಕೆ ಎರಡೂವರೆಯಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಅಂತಲೂ ಹೇಳಿತು. ಇದು ಮಾಲೀಕನ ದಯೆಯಲ್ಲ, ಕಾಯ್ದೆಯ ಕಟ್ಟುಪಾಡು.

ಈಗ ಎರಡನ್ನೂ ಅಕ್ಕಪಕ್ಕ ಇಡಿ. ದಲ್ಲಾಳಿ ದಾರಿಯಲ್ಲಿ ಮೊದಲ ವರ್ಷ ನಿಮ್ಮ ಮೇಲೆ ಬಡ್ಡಿ ಸೇರಿ 1,36,000 ರೂಪಾಯಿ ಹೊರೆ. ಐಟಿಐ ಮುಗಿಸಿದ ಹುಡುಗ ಅಪ್ರೆಂಟಿಸ್ ಆಗಿ ವರ್ಷ ಪೂರೈಸಿದರೆ, 2019ರ ಆ ಕನಿಷ್ಠ ದರದಲ್ಲೇ ಅವನ ಕೈಗೆ 84,000. ಜೊತೆಗೆ ಪರೀಕ್ಷೆ ಪಾಸು ಮಾಡಿದರೆ ದೇಶದಲ್ಲೆಲ್ಲ ನಡೆಯುವ ಪ್ರಮಾಣಪತ್ರ. ಇಷ್ಟು ವ್ಯತ್ಯಾಸ ಯಾವ ಬೆಳೆಯಲ್ಲಿದೆ ಹೇಳಿ!

ಹಾಗಂತ ಇದನ್ನು ಬೆಲ್ಲ ಹಚ್ಚಿ ಹೇಳಲ್ಲ. ಅಪ್ರೆಂಟಿಸ್ ಆದವನಿಗೆ ಅದೇ ಕಂಪನಿ ಕಾಯಂ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳಲ್ಲ. ಕಾಯ್ದೆಯ ಕಣ್ಣಲ್ಲಿ ಅವನು ಕಲಿಯುವವನು, ಕಾರ್ಮಿಕ ಅಲ್ಲ. ಇದನ್ನೇ ನೆಪ ಮಾಡಿ ವರ್ಷಕ್ಕೊಂದು ತಂಡ ತಂದು, ಕಸುಬು ಕಲಿಸದೆ ಬರೀ ದುಡಿಸಿ ಕಳಿಸೋ ಮಾಲೀಕರೂ ಇದ್ದಾರೆ. ಆದ್ದರಿಂದ ಸೇರುವ ಮುಂಚೆ ಕೇಳಬೇಕು: ಯಾವ ಕಸುಬು ಕಲಿಸ್ತೀರಿ? ಎಷ್ಟು ತಿಂಗಳು? ಕರಾರು ನೋಂದಣಿ ಆಗುತ್ತಾ? ಹಿಂದಿನ ವರ್ಷದ ಹುಡುಗರು ಈಗೆಲ್ಲಿದ್ದಾರೆ? ಕೊನೆಯ ಪ್ರಶ್ನೆಯನ್ನು ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಕೇಳಿ, ಸರಿಯಾದ ಉತ್ತರ ಸಿಗುತ್ತೆ.

18 ತುಂಬದ ಮಗುವಿನ ಪರವಾಗಿ ಆ ಕರಾರಿಗೆ ಸಹಿ ಹಾಕೋರು ತಂದೆ ತಾಯಿ. ಸಾಲದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ ಹಾಗೆ ಇದಕ್ಕೂ ಒತ್ತಬೇಡಿ. ಮಗುವಿನ ಕೈಲೇ ಗಟ್ಟಿಯಾಗಿ ಓದಿಸಿ. ಅಂಕಪಟ್ಟಿಯ ಮೂಲ ಪ್ರತಿ ಯಾರ ಕೈಯಲ್ಲೂ ಬಿಡಬೇಡಿ, ನಕಲು ಸಾಕು. ಖಾಲಿ ಕಾಗದಕ್ಕೆ ಸಹಿ ಬೇಡ. ಮುಂಗಡ ಕೊಟ್ಟು ಮಕ್ಕಳನ್ನು ಕರೆದೊಯ್ಯಲು ಬರುವವನಿಗೆ ಹೇಳಿ: 1976ರ ಜೀತ ಪದ್ಧತಿ ರದ್ಧತಿ ಕಾಯ್ದೆ ಇನ್ನೂ ಜೀವಂತವಾಗಿದೆ, ಜೀತದ ಸಾಲವನ್ನು ತೀರಿಸುವ ಹೊಣೆಯೇ ಆ ಕಾಯ್ದೆಯಲ್ಲಿ ಇಲ್ಲ ಅಂತ.

ಇನ್ನು ಎಸ್ಸೆಸ್ಸೆಲ್ಸಿ ಮಾತು. 2024ರ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 73 ಚಿಲ್ಲರೆ ಮಂದಿ ಪಾಸಾದರು. ಉಳಿದ 26 ಮಂದಿ ಯಾರ ಮಕ್ಕಳು? ಫೇಲಾದ ಹುಡುಗನಿಗೆ ಎಮ್ಮೆ ಕಾಯೋ ಕೋಲು, ಫೇಲಾದ ಹುಡುಗಿಗೆ ಗಂಡು ಹುಡುಕಾಟ, ಇದು ನಮ್ಮ ಹಳ್ಳಿಯ ತೀರ್ಪು. ಆ ವರ್ಷದಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇಟ್ಟರು. ಹೋದ ವಿಷಯವನ್ನು ಅದೇ ವರ್ಷ ಕಟ್ಟಿ ಪಾಸು ಮಾಡಬಹುದು. ವೆಲ್ಡರ್, ವೈರ್‌ಮನ್‌ನಂಥ ಕೆಲವು ಐಟಿಐ ಕಸುಬಿಗೆ ಎಂಟನೆಯ ತರಗತಿ ಪಾಸಾಗಿದ್ದರೂ ಸಾಕು. ವೆಲ್ಡರ್‌ಗೆ ಒಂದು ವರ್ಷ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್‌ಗೆ ಎರಡು ವರ್ಷ. ಹೈಸ್ಕೂಲು ಮುಗಿಯುವ ಮುಂಚೆಯೇ ಇದು ಮಕ್ಕಳ ಕಿವಿಗೆ ಬೀಳಬೇಕು.

ಐಟಿಐ ಅಂದರೆ ಮೂಗು ಮುರಿಯುವವರು ನಮ್ಮಲ್ಲೇ ಇದ್ದಾರೆ. ‘ನಮ್ಮ ಹುಡುಗ ಡಿಗ್ರಿ ಮಾಡ್ತಾನೆ’ ಅನ್ನೋದು ಮಾನದ ಮಾತಾಗಿದೆ. ಓದುವ ಮನಸ್ಸಿರುವ ಮಗುವನ್ನು ಖಂಡಿತ ಓದಿಸಿ, ಯಾರೂ ಬೇಡ ಅನ್ನಲ್ಲ. ಅದಕ್ಕೆ ಸಾಲ ಬೇಕಾದರೆ ಬ್ಯಾಂಕಿಗೆ ಹೋಗಿ, ಕೈಸಾಲ ಬೇಡ. 4 ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಆಸ್ತಿ ಅಡವು ಕೇಳಕೂಡದು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಮ್ಯಾನೇಜರು ಪಹಣಿ ಕೇಳಿದರೆ, ‘ಕೊಡಲ್ಲ ಅನ್ನೋದನ್ನ ಬರೆದು ಕೊಡಿ ಸ್ವಾಮಿ’ ಅನ್ನಿ. ಆದರೆ ಮನಸ್ಸಿಲ್ಲದ ಮಗುವನ್ನು ಊರವರ ಬಾಯಿಗೆ ಹೆದರಿ ಡಿಗ್ರಿಗೆ ದೂಡಿ ಜಮೀನು ಬರೆದುಕೊಡೋದು, ಬಿತ್ತನೆಯ ಕಾಲ ಮುಗಿದ ಮೇಲೆ ಬೀಜ ಕೊಂಡ ಹಾಗೆ.

ಕೆಲಸ ಅಂದರೆ ಬೆಂಗಳೂರು ಒಂದೇ ಅಲ್ಲ. ನಿಮ್ಮ ಪಂಪ್‌ಸೆಟ್ ಮೋಟಾರು ಸುಟ್ಟರೆ ಯಾರು ಸುತ್ತಿ ಕೊಡ್ತಾರೆ? ಟ್ರ್ಯಾಕ್ಟರು ನಿಂತರೆ, ಹಾಲು ಕರೆಯುವ ಯಂತ್ರ ಕೆಟ್ಟರೆ ಎಷ್ಟು ಮೈಲಿ ಹೊತ್ತುಕೊಂಡು ಹೋಗ್ತೀರಿ? ಆ ದುಡ್ಡು ಊರು ಬಿಟ್ಟು ಹೋಗುತ್ತಿದೆ. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟಿ ಶುರುವಾಯಿತು. ಹಳ್ಳಿ ಹುಡುಗರಿಗೆ ಅಲ್ಲೇ ಊಟ, ವಸತಿ ಕೊಟ್ಟು ಪುಕ್ಕಟೆ ಕಸುಬು ಕಲಿಸಿ, ಸ್ವಂತ ಉದ್ಯೋಗಕ್ಕೆ ದಾರಿ ತೋರಿಸುವುದು ಅದರ ಕ್ರಮ. ಮುಂದೆ ಅದೇ ಮಾದರಿಯ ತರಬೇತಿ ಸಂಸ್ಥೆಗಳನ್ನು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ತೆರೆದವು. ನಿಮ್ಮ ಜಿಲ್ಲೆಯದು ಎಲ್ಲಿದೆ ಅಂತ ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿ.

ತಾಯಂದಿರಿಗೆ ಒಂದು ಮಾತು. ಹೆಣ್ಣುಮಗಳು ದೂರ ಹೋಗೋದು ಹೇಗೆ, ಬಸ್ ಚಾರ್ಜ್ ಎಲ್ಲಿಂದ ತರೋದು ಅಂತಿದ್ದಿರಿ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಆ ಬಸ್ಸು ಗಾರ್ಮೆಂಟ್ಸ್‌ಗೆ ಮಾತ್ರ ಅಲ್ಲ, ತಾಲ್ಲೂಕಿನ ಐಟಿಐಗೂ ಹೋಗುತ್ತೆ. ಎಲೆಕ್ಟ್ರಿಷಿಯನ್ ಕೆಲಸ ಗಂಡಸಿನದು ಅಂತ ಯಾವ ಕಾಯ್ದೆಯೂ ಬರೆದಿಲ್ಲ.

ಕೊನೆಗೆ, ಸಂಘಟನೆ ಮಾಡಬೇಕಾದ ಕೆಲಸ. ಒಂಟಿ ರೈತ ಮಂಡಿಗೆ ಹೋದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಒಂಟಿ ಹುಡುಗ ಕಂಪನಿ ಗೇಟಿಗೆ ಹೋದರೂ ಅದೇ ಆಗುತ್ತೆ. ಪ್ರತಿ ವರ್ಷ ಫಲಿತಾಂಶ ಬಂದ ವಾರವೇ ಊರಿನ ಪಟ್ಟಿ ಮಾಡಿ: ಯಾರು ಪಾಸು, ಯಾರು ಫೇಲು, ಯಾರಿಗೆ ಯಾವ ಕಸುಬಿನ ಆಸೆ. ಐಟಿಐ ಅರ್ಜಿಯ ಕಡೇ ದಿನ ಪಂಚಾಯ್ತಿ ಗೋಡೆಯ ಮೇಲೆ ಬರೆಸಿ. ಹತ್ತು ಮನೆಯವರು ಕೂಡಿ ಮಕ್ಕಳನ್ನು ಕರಕೊಂಡು ಹೋಗಿ ಅರ್ಜಿ ಹಾಕಿಸಿ. ಜಮೀನು ಕಳೆದುಕೊಂಡ ಊರುಗಳವರಂತೂ ಸುಮ್ಮನಿರಕೂಡದು. ನಮ್ಮ ಹೊಲದ ಮೇಲೆ ನಿಂತ ಕಾರ್ಖಾನೆಯ ಮುಂದೆ ನಿಂತು ಕೇಳಿ: ‘ನಿಮ್ಮಲ್ಲಿ ದುಡಿಯೋರು ಎಷ್ಟು? ಅಪ್ರೆಂಟಿಸ್‌ಗಳು ಎಷ್ಟು? ಅವರಲ್ಲಿ ಈ ಸುತ್ತಿನ ಹಳ್ಳಿಯವರು ಎಷ್ಟು?’ ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಜಿಲ್ಲಾಧಿಕಾರಿಗಳಿಗೆ ಬರೆದು ಕೊಟ್ಟು, ಸ್ವೀಕೃತಿ ತಗೊಳ್ಳಿ.

ನಮ್ಮ ಬೆಳೆಗೆ ನ್ಯಾಯದ ಬೆಲೆ ಕೇಳೋ ನಾವು, ಮಕ್ಕಳ ದುಡಿಮೆಯನ್ನು ಸಾಲ ಮಾಡಿ ಮಾರೋದು ನಿಲ್ಲಿಸಬೇಕು. ಕಲಿಯುವ ಮಗುವಿಗೆ ದುಡ್ಡು ಬರಬೇಕು, ಮಗುವಿನಿಂದ ದುಡ್ಡು ಹೋಗಬಾರದು. ಈ ಒಂದು ಮಾತು ಮನೆಗೆ ಒಯ್ಯಿರಿ, ಇವತ್ತು ರಾತ್ರಿಯೇ ಮಕ್ಕಳ ಜೊತೆ ಕೂತು ಮಾತಾಡಿರಿ.