ತಿಂಗಳ ಸಣ್ಣ ಕಡಿತಗಳು

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಉಳಿತಾಯಕ್ಕೆ ಹೇಗೋ ಖರ್ಚಿಗೂ ಹಾಗೆಯೇ. ಸಿನಿಮಾ ಆ್ಯಪಿಗೆ ತಿಂಗಳಿಗೆ 199 ರೂಪಾಯಿ ಎಂದರೆ ಹಗುರ ಅನಿಸುತ್ತದೆ. ವರ್ಷಕ್ಕೆ ಅದೇ 2,388. ಹಾಡಿನ ಆ್ಯಪು, ಕೇಬಲ್, ಮಕ್ಕಳ ಆನ್‌ಲೈನ್ ಪಾಠ ಸೇರಿದರೆ ದಿನಸಿಯ ದುಡ್ಡಿಗೇ ಕೈ ಹಾಕಬೇಕಾಗುತ್ತದೆ.

ಖಾತೆಯಿಂದ ಹಣ ತಾನಾಗಿ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆ ಸಂದೇಶವನ್ನು ಓದದೆ ಅಳಿಸಬೇಡಿ. ಯುಪಿಐ ಆ್ಯಪಿನ ಆಟೊಪೇ ವಿಭಾಗದಲ್ಲಿ ನಾವು ಒಪ್ಪಿಗೆ ಕೊಟ್ಟವುಗಳ ಪಟ್ಟಿಯೇ ಇರುತ್ತದೆ. ಬೇಡದ ಕಡಿತವನ್ನು ಅಲ್ಲೇ ರದ್ದು ಮಾಡಬಹುದು.

ಆದರೆ ಒಬ್ಬರೇ ತೀರ್ಮಾನಿಸಬೇಡಿ. ಅಜ್ಜಿಯ ಧಾರಾವಾಹಿಯೂ ಮಗಳ ಪಾಠದಷ್ಟೇ ಮುಖ್ಯ. ಮನೆಮಂದಿಯೆಲ್ಲ ಕೂತು ಮಾತಾಡಿ. ಬಳಸುವುದನ್ನು ಉಳಿಸಿಕೊಳ್ಳಿ, ಬಳಸದೆ ಮರೆತದ್ದನ್ನು ಇಂದೇ ನಿಲ್ಲಿಸಿ.