ದಂಬೆಯ ನೀರು

(ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಹಳೆಯ ಮನೆಗಳ ಬಚ್ಚಲ ಹಿಂಬದಿಯಲ್ಲಿ ಹಗಲಿರುಳೂ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದ ಅಬ್ಬಿ ನೀರು ಅದು. ಅದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ, ಬಿಲ್ಲೂ ಇಲ್ಲ, ಇಳಿಜಾರೊಂದಿದ್ದರೆ ಸಾಕು. ಮೊದಲು ಅಡುಗೆಮನೆಯ ಕೊಡ, ಅನಂತರ ಬಚ್ಚಲ ಹಂಡೆ, ದನಗಳ ಕಲ್ಲುಮರಿಗೆ. ಉಳಿದದ್ದು ತೋಟದ ಕಾಲುವೆಗೆ. ನೀರು ಹರಿಯುವ ದಾರಿಯಲ್ಲಿ ಕೆಸುವು, ಒಂದೆಲಗ ತಾವಾಗಿಯೇ ಬೆಳೆದಿರುತ್ತಿದ್ದವು. ಅನಿರೀಕ್ಷಿತವಾಗಿ ನೆಂಟರು ಬಂದರೆ ಗೃಹಿಣಿ ಹಿತ್ತಿಲಿಗೆ ಹೋಗಿ ಹಿಡಿಯಷ್ಟು ಒಂದೆಲಗ ಕಿತ್ತು ತಂದರೆ ತಂಬುಳಿ ಸಿದ್ಧ. ಆ ನೀರಿಗೆ ಯಾರೂ ಕೃತಜ್ಞತೆ ಹೇಳಿದ್ದಿಲ್ಲ. ಹಲವು ಮನೆಗಳಲ್ಲಿ ಅದರ ಇರವು ಅರಿವಿಗೆ ಬಂದದ್ದೇ ಸದ್ದು ನಿಂತ ದಿನ.

ಆ ನೀರು ಬೇಸಿಗೆಯಲ್ಲಿಯೂ ಬರುತ್ತಿದ್ದುದೇಕೆ? ಮಳೆ ನೇರವಾಗಿ ನೆಲಕ್ಕೆ ಬಡಿಯದಂತೆ ಮೇಲೆ ಕಾನಿನ ಚಪ್ಪರವಿತ್ತು. ಕೆಳಗೆ ತರಗೆಲೆಯ ಹಾಸಿತ್ತು. ಹಾಸಿನಡಿಯ ಸಡಿಲ ಮಣ್ಣು, ಬೇರು ಕೊಳೆತು ಉಳಿದ ಕೊಳವೆಗಳು, ಗೆದ್ದಲು ಮತ್ತು ಎರೆಹುಳುಗಳ ಬಿಲಗಳು ನೀರನ್ನು ಒಳಗೆಳೆದುಕೊಂಡು, ಆಷಾಢದ ಮಳೆಯನ್ನು ಚೈತ್ರದವರೆಗೂ ತೊಟ್ಟುತೊಟ್ಟಾಗಿ ಬಿಡುತ್ತಿದ್ದವು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವ ರಾಮಪತ್ರೆ ಜಡ್ಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಮರಗಳು ಕೆಸರಿನಲ್ಲಿಯೇ ನಿಂತು, ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿಯಂತೆ ಮಡಚಿ ಮೇಲಕ್ಕೆತ್ತಿರುತ್ತವೆ. ಶರಾವತಿ ಕೊಳ್ಳದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನಗಳೂ ಇದನ್ನೇ ಹೇಳಿವೆ: ಸಹಜ ಕಾಡಿನ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಬೋಳಾದ, ಇಲ್ಲವೇ ಏಕಜಾತಿಯ ನೆಡುತೋಪಾದ ಗುಡ್ಡಗಳ ಹಳ್ಳಗಳು ಮಳೆಗಾಲ ಕಳೆದು ಕೆಲವೇ ತಿಂಗಳಲ್ಲಿ ಒಣಗುತ್ತವೆ.

ತರಗೆಲೆಗೆ ಇನ್ನೊಂದು ಋಣವೂ ಉಂಟು. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳ ಸೌಲಭ್ಯವಿದೆ. ಬೆಟ್ಟದ ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿಯಲ್ಲಿ ಗೊಬ್ಬರವಾಗಿ, ಅಡಿಕೆಯ ಬುಡ ಸೇರುತ್ತದೆ. ಗುಡಿಸುವಾಗ ಒಂದಿಷ್ಟನ್ನು ನೆಲದಲ್ಲಿಯೇ ಬಿಡಬೇಕೆಂಬ ಎಚ್ಚರ ಹಿರಿಯರಲ್ಲಿತ್ತು.

ಕೃತಜ್ಞತೆಯನ್ನು ಬಾಯಲ್ಲಿ ಹೇಳದವರು ಕೈಯಲ್ಲಿ ಹೇಳುತ್ತಿದ್ದರು. ಭೂಮಿ ಹುಣ್ಣಿಮೆಯಂದು, ತೆನೆ ತುಂಬುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಅಡುಗೆ ಮಾಡಿ ಬಡಿಸುವ ಪದ್ಧತಿ ಮಲೆನಾಡಿನಲ್ಲಿ ಇಂದಿಗೂ ಇದೆ. ದೀವರ ಹೆಣ್ಣುಮಕ್ಕಳು ಅದಕ್ಕಾಗಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಆ ಅಡುಗೆಗೆ ಬೇಕಾದ ಬಗೆಬಗೆಯ ಕುಡಿಗಳು ಅಂಗಡಿಯಲ್ಲಿ ಸಿಕ್ಕುವಂಥವಲ್ಲ. ಬೇಲಿ, ಬೆಟ್ಟ, ಹಳ್ಳದ ಅಂಚು ಇವೆಲ್ಲ ಇದ್ದರಷ್ಟೇ ಆ ಪೂಜೆ.

ಇನ್ನು ಬೆರಗಿನ ಮಾತು. ಗುರಿಗೆ ಏಳು ವರ್ಷಕ್ಕೊಮ್ಮೆ, ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಅರಳುತ್ತವೆ. ಮುನ್ನಾರಿನಲ್ಲಿ 2006ರಲ್ಲಿ ಅರಳಿದ ಕುರಿಂಜಿ ಮತ್ತೆ 2018ರಲ್ಲಿ ಅರಳಿತು. ವರ್ಷಗಳನ್ನು ಎಣಿಸುವ ಆ ಪಂಚಾಂಗ ಗಿಡದ ಯಾವ ಭಾಗದಲ್ಲಿದೆ? ಹೊಳೆಯಂಚಿನ ಒಂದು ಅಪ್ಪೆಮರದ ಮಿಡಿಗೆ ಜೀರಿಗೆಯ ಪರಿಮಳ, ನಾಲ್ಕು ಮಾರು ಆಚೆಯ ಮರಕ್ಕೆ ಅದಿಲ್ಲ. ಗೊರಟು ಊರಿದರೆ ತಾಯಿಯ ಪರಿಮಳವೇ ಬರುವುದೆಂಬ ಭರವಸೆಯೂ ಇಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆರೆದಾಗಲೆಲ್ಲ ಏಳಬೇಕಾದ ಪ್ರಶ್ನೆಗಳಿವು. ಇಂಥ ಬೆರಗು ಮನಸ್ಸಿಗೆ ಹಿತ.

ಹಿತವಲ್ಲದ ಬೆರಗೂ ಒಂದಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಂಥ ಮಳೆಯ ಸೀಮೆಯ ಊರುಗಳೂ ಏಪ್ರಿಲ್ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವುದೇಕೆ? ಭೂಮಿಗೆ ಬಯಕೆಯ ಊಟ ಬಡಿಸಿದ ಕೈಯೇ ಒರತೆಯ ನೆತ್ತಿಯ ಮೇಲಿನ ಬೆಟ್ಟವನ್ನು ಯಂತ್ರದಿಂದ ಸಮತಟ್ಟು ಮಾಡಿಸಿ ಹೊಸ ತೋಟ ಎಬ್ಬಿಸುವುದೇಕೆ? ಇದನ್ನು ಬರಿಯ ದುರಾಸೆಯೆಂದು ಹಳಿದುಬಿಡುವುದು ನ್ಯಾಯವಲ್ಲ. ಹಿಸೆಯಾಗಿ ತುಂಡಾದ ಜಮೀನು, ಸಿಕ್ಕದ ಆಳು, ಅಡಿಕೆಯ ದರ, ಮಕ್ಕಳ ಓದು, ಎಲ್ಲವೂ ಅದರ ಹಿಂದಿವೆ. ಗುಡ್ಡಗಳಿಗೆ ಅಕೇಶಿಯಾ ಹಾಕಿಸಿದ್ದು ರೈತನೊಬ್ಬನೇ ಅಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಒಗಟು ಒಗಟಾಗಿಯೇ ಉಳಿಯುತ್ತದೆ: ಹೊಸ ತೋಟಕ್ಕೆ ನೀರು ಎಲ್ಲಿಂದ ಬಂದೀತೆಂದು ಎಬ್ಬಿಸುವ ಮುನ್ನ ಯಾರೂ ಕೇಳುವುದಿಲ್ಲ. ಕೊಳವೆಬಾವಿಯ ಯಂತ್ರ ಅಂಗಳಕ್ಕೆ ಬರುವುದು ಆಮೇಲೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಮರವನ್ನು ಅಪ್ಪುವುದು ಸುಲಭವಾಗಿ ಚಿತ್ರಕ್ಕೆ ಸಿಕ್ಕುತ್ತದೆ. ಒರತೆಯನ್ನು ಅಪ್ಪುವುದು ಹೇಗೆ? ಅಬ್ಬಿಯ ಸುತ್ತ ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಅಲ್ಲಿಯ ತರಗೆಲೆಯನ್ನು ಗುಡಿಸದಿರುವುದು, ನೆತ್ತಿಯ ಮರಗಳಿಗೆ ಕೊಡಲಿ ತಾಗಿಸದಿರುವುದು: ಇವು ಫೋಟೋಕ್ಕೆ ಒದಗದ ಕೆಲಸಗಳು. ಆದರೂ ಕೆಲವು ಮನೆಗಳವರು ಸದ್ದಿಲ್ಲದೆ ಇದನ್ನು ಮಾಡುತ್ತಲೇ ಬಂದಿದ್ದಾರೆ. ಅವರ ಬಚ್ಚಲಿಗೆ ಇಂದು ದಂಬೆಯ ಬದಲು ಪ್ಲಾಸ್ಟಿಕ್ ಪೈಪು ಬಂದಿದೆ, ತುದಿಗೆ ನಲ್ಲಿ ಕೂತಿದೆ, ನಲ್ಲಿ ಕಟ್ಟಿದ ಮೇಲೆ ಒಂದೆಲಗದ ಸಾಲು ಸೊರಗಿದೆ, ನೀರಂತೂ ಬರುತ್ತಿದೆ.

ಊಟದ ಬಳಿಕ ಶಿಬಿರಾರ್ಥಿಗಳು ಅಂಥದೊಂದು ಅಬ್ಬಿಯ ಮೂಲದವರೆಗೆ ನಡೆಯಲಿದ್ದಾರೆ. ದಾರಿ ಜಾರುತ್ತದೆ, ಉಂಬಳಗಳೂ ಇವೆ. ಸುಣ್ಣದ ಡಬ್ಬಿ ಜಗಲಿಯ ಮೇಲಿದೆ, ಹೊರಡುವ ಮುನ್ನ ಎಲ್ಲರೂ ಕಾಲಿಗೆ ಹಚ್ಚಿಕೊಳ್ಳಬೇಕು.