ಕೊರಿಯಾದ ಅಕ್ಕಿಮದ್ಯ: ಮನೆಯಿಂದ ತರಗತಿಗೆ



ದಕ್ಷಿಣ ಕೊರಿಯಾಕ್ಕೆ ಪ್ರವಾಸ ಹೋಗುವವರು ಸಾಮಾನ್ಯವಾಗಿ ಸೋಲ್ ನಗರದ ಅರಮನೆಗಳನ್ನು ನೋಡುತ್ತಾರೆ, ಬೌದ್ಧ ದೇವಾಲಯಗಳಿಗೆ ಹೋಗುತ್ತಾರೆ, ಪೇಟೆಯಲ್ಲಿ ಕಿಮ್ಚಿಯ ರುಚಿ ನೋಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದು ಅಕ್ಕಿಯಿಂದ ಮದ್ಯ ತಯಾರಿಸುವುದನ್ನು ಕಲಿಸುವ ಎರಡು ಮೂರು ಗಂಟೆಗಳ ತರಗತಿ. ಶುಲ್ಕ ಕೊಟ್ಟು ಸೇರಿದ ಪರದೇಶದವರು ತೋಳು ಮಡಿಚಿ, ಬೋಗುಣಿಯೊಳಗಿನ ಅನ್ನಕ್ಕೆ ಕೈ ಹಾಕುತ್ತಾರೆ. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಇಂದು ಬದಿಗಿಡೋಣ. ಶತಮಾನಗಳ ಕಾಲ ಅಡುಗೆಮನೆಯಲ್ಲಿ ಇದ್ದ ಒಂದು ವಿದ್ಯೆ ತರಗತಿಯ ಮೇಜಿಗೆ ಏಕೆ ಬಂತು ಎಂಬುದು ಕೇಳಬೇಕಾದ ಪ್ರಶ್ನೆ.

ಈ ಮದ್ಯದ ಹೆಸರು ಮಕ್‌ಗೊಲ್ಲಿ. ‘ಮಕ್’ ಎಂದರೆ ಒರಟಾಗಿ ಅಥವಾ ಈಗಷ್ಟೇ ಎಂಬ ಅರ್ಥ. ಹೆಸರಿನ ಉಳಿದ ಭಾಗ ಸೋಸುವುದಕ್ಕೆ ಸಂಬಂಧಿಸಿದ್ದು. ಒಟ್ಟಿನಲ್ಲಿ, ಒರಟಾಗಿ ಸೋಸಿದ್ದು. ನೋಡಲು ನಮ್ಮ ಅಕ್ಕಚ್ಚಿನಂತೆ ಬೆಳ್ಳಗೆ, ಮಬ್ಬಾಗಿ ಇರುತ್ತದೆ. ಬಾಟಲಿಯಲ್ಲಿ ಮಾರುವ ಮಕ್‌ಗೊಲ್ಲಿಯಲ್ಲಿ ಸಾಮಾನ್ಯವಾಗಿ ಶೇ 6ರಷ್ಟು ಆಲ್ಕೊಹಾಲ್ ಇರುತ್ತದೆ. ಗದ್ದೆ ಕೆಲಸದ ನಡುವೆ ರೈತರು ಕುಡಿಯುತ್ತಿದ್ದುದರಿಂದ ಇದಕ್ಕೆ ‘ನೋಂಗ್‌ಜು’, ಅಂದರೆ ರೈತರ ಮದ್ಯ ಎಂಬ ಹೆಸರೂ ಇದೆ.

ತರಗತಿಯಲ್ಲಿ ಕಲಿಸುವ ಕ್ರಮ ಸರಳವಾಗಿಯೇ ಕಾಣುತ್ತದೆ. ಬೇಕಾದ ವಸ್ತುಗಳು ಮೂರೇ: ಅಕ್ಕಿ, ನೀರು ಮತ್ತು ‘ನುರುಕ್’ ಎಂಬ ಹೆಪ್ಪು. ಅಂಟು ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು, ಕೆಲವು ಗಂಟೆ ನೆನೆಸಿ, ನೀರು ಬಸಿದು, ಸುಮಾರು 40 ನಿಮಿಷ ಹಬೆಯಲ್ಲಿ ಬೇಯಿಸುತ್ತಾರೆ. ಹೀಗೆ ಬೆಂದ ಗಟ್ಟಿ ಅನ್ನಕ್ಕೆ ‘ಗೋದುಬಾಪ್’ ಎಂದು ಹೆಸರು. ಅದನ್ನು ಹರಡಿ ಪೂರ್ತಿ ಆರಿಸಬೇಕು. ಬಿಸಿಯಿದ್ದಾಗಲೇ ಹೆಪ್ಪು ಬೆರೆಸಿದರೆ ಅದರಲ್ಲಿನ ಯೀಸ್ಟ್ ಸತ್ತುಹೋಗುತ್ತದೆ. ಆರಿದ ಅನ್ನಕ್ಕೆ ಪುಡಿ ಮಾಡಿದ ನುರುಕ್ ಮತ್ತು ನೀರು ಸೇರಿಸಿ ಕೈಯಿಂದಲೇ ಕಲಸುತ್ತಾರೆ. ಮೊದಮೊದಲು ಅನ್ನ ಬೇರೆ, ನೀರು ಬೇರೆ ಎನಿಸುತ್ತದೆ. ಕಲಸುತ್ತಾ ಹೋದಂತೆ ಅಗುಳು ನೀರು ಕುಡಿದು ಮೆತ್ತಗಾಗುತ್ತದೆ. ಆ ಬದಲಾವಣೆಯನ್ನು ಗುರುತಿಸಬೇಕಾದದ್ದು ಬೆರಳುಗಳು. ಆಮೇಲೆ ಜಾಡಿಗೆ ತುಂಬಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಾರ ಹತ್ತು ದಿನ ಇಡಬೇಕು.

ನುರುಕ್ ಎಂದರೇನು? ಗೋಧಿಯನ್ನು ತರಿತರಿಯಾಗಿ ಒಡೆದು, ತುಸು ನೀರು ಚಿಮುಕಿಸಿ, ಗಟ್ಟಿಯಾಗಿ ಒತ್ತಿ ಬಿಲ್ಲೆ ಮಾಡುತ್ತಾರೆ. ಬುಸಾನ್ ನಗರದ ಗ್ಯುಮ್‌ಜಂಗ್ ಬೆಟ್ಟದ ಕೋಟೆಯ ಊರಿನಲ್ಲಿ ಹೆಂಗಸರು ಇದನ್ನು ಬಟ್ಟೆಯಲ್ಲಿ ಸುತ್ತಿ ಕಾಲಿನಿಂದ ತುಳಿದು ಬಿಲ್ಲೆ ಮಾಡುತ್ತಾರೆ. ಬಿಲ್ಲೆಗಳನ್ನು ಬೆಚ್ಚಗಿನ ಕೋಣೆಯಲ್ಲಿ ಇಟ್ಟರೆ ಗಾಳಿಯಲ್ಲಿರುವ ಶಿಲೀಂಧ್ರಗಳು, ಯೀಸ್ಟ್, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ತಾವಾಗಿಯೇ ಬಂದು ನೆಲೆಸುತ್ತವೆ. ನಮ್ಮ ಇಡ್ಲಿ ಹಿಟ್ಟಿಗೆ ಹುಳಿ ಬರಿಸುವುದೂ ಇಂಥ ಬ್ಯಾಕ್ಟೀರಿಯಾಗಳೇ. ಜಾಡಿಯೊಳಗೆ ಶಿಲೀಂಧ್ರದ ಕಿಣ್ವಗಳು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸಿದರೆ, ಯೀಸ್ಟ್ ಆ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿಸುತ್ತದೆ. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಬಿಯರ್ ತಯಾರಿಕೆಯಲ್ಲಿ ಪಿಷ್ಟವನ್ನು ಮೊದಲು ಸಕ್ಕರೆಯಾಗಿಸಿ, ಆಮೇಲೆ ಯೀಸ್ಟ್ ಸೇರಿಸುತ್ತಾರೆ. ಇಲ್ಲಿ ಎರಡೂ ಕೆಲಸ ಒಂದೇ ಜಾಡಿಯಲ್ಲಿ, ಒಟ್ಟೊಟ್ಟಿಗೆ ನಡೆಯುತ್ತವೆ. ಆಗ ಜಾಡಿಗೆ ಕಿವಿಗೊಟ್ಟರೆ ಗುಳ್ಳೆಗಳ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಹಿಂದೆ ಉರಿಯುವ ಕಡ್ಡಿಯನ್ನು ಜಾಡಿಯೊಳಗೆ ಇಳಿಸಿ ನೋಡುತ್ತಿದ್ದರು. ಕಡ್ಡಿ ಆರಿದರೆ ಇಂಗಾಲದ ಡೈ ಆಕ್ಸೈಡ್ ಇನ್ನೂ ಏಳುತ್ತಿದೆ ಎಂದರ್ಥ; ಉರಿಯುತ್ತಲೇ ಇದ್ದರೆ ಹುದುಗು ಮುಗಿದಂತೆ.

ಹುದುಗು ಮುಗಿದ ಮೇಲೆ ಮೇಲೆ ನಿಲ್ಲುವ ತಿಳಿಯನ್ನು ತೆಗೆದರೆ ಅದು ‘ಚಂಗ್‌ಜು’. ಹಬ್ಬಕ್ಕೆ, ಹಿರಿಯರ ಪೂಜೆಗೆ, ಅತಿಥಿಗಳಿಗೆ ಅದನ್ನು ಇಡುತ್ತಿದ್ದರು. ಬಟ್ಟೆಯಲ್ಲಿ ಹಿಂಡಿ, ನೀರು ಬೆರೆಸಿದ್ದು ಮಕ್‌ಗೊಲ್ಲಿ. ಬಟ್ಟಿ ಇಳಿಸಿದರೆ ಸೋಜು. ಒಂದು ಜಾಡಿಯಿಂದ ಮೂರು ಬಗೆ.

ಜೋಸನ್ ರಾಜವಂಶದ ಕಾಲದಲ್ಲಿ (1392–1910) ಈ ಕೆಲಸ ನಡೆಯುತ್ತಿದ್ದುದು ಮನೆಗಳಲ್ಲಿ; ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅತ್ತೆಯಿಂದ ಸೊಸೆಗೆ ವಿದ್ಯೆ ದಾಟುತ್ತಿತ್ತು. ಸುಮಾರು 1670ರಲ್ಲಿ ಜಾಂಗ್ ಗ್ಯೆಹ್ಯಾಂಗ್ ಎಂಬ ಗೃಹಿಣಿ ತಮ್ಮ ಮುಪ್ಪಿನಲ್ಲಿ ‘ಉಮ್‌ಸಿಕ್ ದಿಮಿಬಾಂಗ್’ ಎಂಬ ಅಡುಗೆ ಪುಸ್ತಕವನ್ನು ಬರೆದರು. ವಿದ್ವಾಂಸರ ಚೀನೀ ಲಿಪಿಯನ್ನು ಬಿಟ್ಟು ಕೊರಿಯಾದ ಸ್ವಂತ ಲಿಪಿಯಾದ ಹಂಗುಲ್‌ನಲ್ಲಿ ಬರೆದ ಈ ಪುಸ್ತಕದ ಸುಮಾರು ಮೂರನೇ ಒಂದು ಭಾಗ ಮದ್ಯ ತಯಾರಿಕೆಯ ವಿಧಾನಗಳೇ. ಹೆಣ್ಣುಮಕ್ಕಳು ಬೇಕಾದರೆ ನಕಲು ಮಾಡಿಕೊಳ್ಳಲಿ, ಪುಸ್ತಕವನ್ನು ಮಾತ್ರ ಒಯ್ಯದಿರಲಿ ಎಂಬ ಮಾತನ್ನೂ ಆಕೆ ಅದರಲ್ಲಿ ಬರೆದಿಟ್ಟಿದ್ದಾರೆ. ಕುಟುಂಬದ ಆಸ್ತಿಯಂತೆ ಕಾಪಾಡಿಕೊಳ್ಳಬೇಕಾದ ವಿದ್ಯೆ ಅದಾಗಿತ್ತು.

ಮನೆಯ ಈ ಸರಪಳಿ ಕಡಿದದ್ದು ಇಪ್ಪತ್ತನೇ ಶತಮಾನದಲ್ಲಿ. ಬರಗಾಲದಲ್ಲಿ ಮದ್ಯ ನಿಷೇಧಿಸುವ ರೂಢಿ ಜೋಸನ್ ಅರಸರಲ್ಲೂ ಇತ್ತು. ಆದರೆ ಮಳೆ ಬೆಳೆ ಸರಿಹೋದರೆ ನಿಷೇಧ ಸಡಿಲವಾಗುತ್ತಿತ್ತು. ಕೊರಿಯಾದ ಮೇಲೆ ಜಪಾನಿನ ಹಿಡಿತ ಬಿಗಿಯಾಗುತ್ತಿದ್ದ 1909ರಲ್ಲಿ ಮದ್ಯ ತೆರಿಗೆ ಕಾನೂನು ಬಂತು. ಮರುವರ್ಷ ಜಪಾನ್ ಆ ದೇಶವನ್ನೇ ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಮನೆಯಲ್ಲಿ ಮದ್ಯ ತಯಾರಿಸಲು ಪರವಾನಗಿ ಬೇಕಾಯಿತು, ತೆರಿಗೆ ಕಟ್ಟಬೇಕಾಯಿತು. 1916ರಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. 1934ರಲ್ಲಿ ಮನೆ ತಯಾರಿಕೆಯ ಪರವಾನಗಿ ಪದ್ಧತಿಯೇ ರದ್ದಾಯಿತು. ಲೆಕ್ಕ ಇಡಲು, ತೆರಿಗೆ ವಸೂಲು ಮಾಡಲು ಕೆಲವೇ ದೊಡ್ಡ ಕಾರ್ಖಾನೆಗಳಿದ್ದರೆ ಸರ್ಕಾರಕ್ಕೆ ಸುಲಭ. ಅಜ್ಜಿ ಮಾಡುತ್ತಿದ್ದ ಕೆಲಸ ಅಪರಾಧವಾಯಿತು. ಹಳ್ಳಿಗಳಲ್ಲಿ ಜನ ಜಾಡಿಗಳನ್ನು ಹುಲ್ಲಿನ ಬಣವೆಯಲ್ಲಿ, ಸೌದೆ ರಾಶಿಯ ಕೆಳಗೆ ಬಚ್ಚಿಟ್ಟರು.

1945ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡರೂ ಮನೆ ತಯಾರಿಕೆಯ ಮೇಲಿನ ನಿಷೇಧ ಉಳಿಯಿತು. ಯುದ್ಧದಿಂದ ಜರ್ಜರಿತವಾದ ದೇಶದಲ್ಲಿ ಉಣ್ಣಲೇ ಅಕ್ಕಿ ಸಾಲದಾಯಿತು. 1965ರಲ್ಲಿ ಮದ್ಯಕ್ಕೆ ಅಕ್ಕಿ ಬಳಸುವುದನ್ನೇ ಸರ್ಕಾರ ನಿಷೇಧಿಸಿತು. ನಮ್ಮ ದೇಶಕ್ಕೂ ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿದ್ದ ಕಾಲ ಅದು. ಹೊಟ್ಟೆಗಿಲ್ಲದಾಗ ಅಕ್ಕಿಯನ್ನು ಮದ್ಯಕ್ಕೆ ಸುರಿಯಬಾರದು ಎಂಬ ತರ್ಕವನ್ನು ತಳ್ಳಿಹಾಕುವುದು ಕಷ್ಟ. ಆದರೆ ಅದಕ್ಕೆ ತೆತ್ತ ಬೆಲೆಯೂ ಇತ್ತು. ಮಕ್‌ಗೊಲ್ಲಿಯನ್ನು ಗೋಧಿ ಹಿಟ್ಟಿನಿಂದ ಮಾಡತೊಡಗಿದರು. ಅಕ್ಕಿಯ ರುಚಿಯೇ ತಿಳಿಯದೆ ಒಂದು ತಲೆಮಾರು ಬೆಳೆಯಿತು. ಪೇಟೆಯನ್ನು ಕಾರ್ಖಾನೆಯ ಅಗ್ಗದ ಸೋಜು ಆಕ್ರಮಿಸಿತು. 1977ರಲ್ಲಿ ಅಲ್ಪಕಾಲ ಸಡಿಲವಾಗಿದ್ದ ಅಕ್ಕಿಯ ನಿಷೇಧ 1990ರಲ್ಲಿ ಪೂರ್ಣವಾಗಿ ಹೋಯಿತು. ಸ್ವಂತ ಬಳಕೆಗೆ ಮನೆಯಲ್ಲಿ ಮದ್ಯ ತಯಾರಿಸಲು ಅನುಮತಿ ಸಿಕ್ಕಿದ್ದು 1995ರಲ್ಲಿ. ಪರವಾನಗಿಯಿಲ್ಲದೆ ಮಾರುವುದು ಮಾತ್ರ ಈಗಲೂ ಅಪರಾಧ.

ಕಾನೂನು ಬದಲಾಯಿತು. ಕಲಿಸುವವರು ಎಲ್ಲಿ? 1934ರಿಂದ 1995ರವರೆಗೆ ಅರವತ್ತೊಂದು ವರ್ಷ. ಅಷ್ಟರಲ್ಲಿ ಬಲ್ಲ ಅಜ್ಜಿಯರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು. ಪುಸ್ತಕಗಳೇನೋ ಉಳಿದಿದ್ದವು. ಆದರೆ ಒಂದು ಮನೆಯ ನುರುಕ್ ಇನ್ನೊಂದು ಮನೆಯದರಂತೆ ಇರುತ್ತಿರಲಿಲ್ಲ. ಅದರ ಬಲವನ್ನು ಪುಸ್ತಕದ ಅಳತೆ ಹೇಳುವುದಿಲ್ಲ. ಅನ್ನ ಎಷ್ಟು ಆರಿರಬೇಕು, ಎಷ್ಟು ಹೊತ್ತು ಕಲಸಬೇಕು ಎಂಬುದು ನಾವು ‘ಕೈಗುಣ’ ಎನ್ನುವ ವಿಷಯ. ಕೊರಿಯನ್ನರಲ್ಲೂ ಅದಕ್ಕೆ ಸರಿಸುಮಾರು ಅದೇ ಮಾತಿದೆ: ‘ಸೋನ್‌ಮಾತ್’, ಅಂದರೆ ಕೈರುಚಿ. ಹಳೆಯ ಬರಹ ಓದಿ, ಮಾಡಿ, ಕೆಡಿಸಿ, ಮತ್ತೆ ಮಾಡಿ ಆ ಕೈರುಚಿಯನ್ನು ಮರಳಿ ಕಟ್ಟಬೇಕಾಯಿತು. ಇಂದಿನ ತರಗತಿಗಳು ಆ ಪ್ರಯತ್ನದ ಫಲ. ಅಲ್ಲಿಗೆ ಬರುವವರು ಪ್ರವಾಸಿಗಳಷ್ಟೇ ಅಲ್ಲ. ತಮ್ಮ ಅಜ್ಜಿಗೆ ಬರುತ್ತಿದ್ದ ಕೆಲಸವನ್ನು ದುಡ್ಡು ಕೊಟ್ಟು ಕಲಿಯುವ ಕೊರಿಯಾದ ಯುವಕ ಯುವತಿಯರೂ ಇದ್ದಾರೆ.

ಸರ್ಕಾರದ ನೋಟವೂ ಬದಲಾಗಿದೆ. 1986ರಲ್ಲಿ ಮೂರು ಸಾಂಪ್ರದಾಯಿಕ ಮದ್ಯಗಳ ತಯಾರಿಕೆಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತು. ಅವುಗಳಲ್ಲೊಂದು ಕಾಡುಹೂವಿನ ದಳ ಹಾಕಿ ಮಾಡುವಂಥದು. ಆಗ ಆ ವಿದ್ಯೆ ಬಲ್ಲವರನ್ನೂ ಗುರುತಿಸಲಾಯಿತು. 2021ರ ಜೂನ್‌ನಲ್ಲಿ ಮಕ್‌ಗೊಲ್ಲಿ ತಯಾರಿಸುವ ಸಂಸ್ಕೃತಿಯನ್ನೂ ರಾಷ್ಟ್ರೀಯ ಅಮೂರ್ತ ಪರಂಪರೆ ಎಂದು ಘೋಷಿಸಲಾಯಿತು. ಈ ಸಲಹೆ ಬಂದದ್ದು ಜನಸಾಮಾನ್ಯರಿಂದ. ಇದಕ್ಕೆ ಯಾವ ವ್ಯಕ್ತಿಯನ್ನೂ, ಸಂಸ್ಥೆಯನ್ನೂ ವಾರಸುದಾರರೆಂದು ಹೆಸರಿಸಲಿಲ್ಲ. ಊರೂರಲ್ಲಿ ಎಲ್ಲರೂ ಮಾಡುತ್ತಿದ್ದುದಕ್ಕೆ ಒಬ್ಬರನ್ನೇ ಒಡೆಯರೆನ್ನುವುದು ಹೇಗೆ? ಒಂದು ಕಾಲದಲ್ಲಿ ಅಧಿಕಾರಿಗಳು ಹುಡುಕಿ ಒಡೆಯುತ್ತಿದ್ದ ಜಾಡಿ ಈಗ ದೇಶದ ಪರಂಪರೆ.

ಇನ್ನು ಪ್ರವಾಸಿಯ ಪಾಡು. ತಾನು ಕಲಸಿದ್ದನ್ನು ಆ ದಿನವೇ ಕುಡಿಯುವಂತಿಲ್ಲ. ಮೊದಲೇ ಮಾಡಿಟ್ಟದ್ದರ ರುಚಿ ತೋರಿಸುತ್ತಾರೆ. ಜೊತೆಗೆ ಈರುಳ್ಳಿ ಸೊಪ್ಪಿನ ದೋಸೆಯಂಥ ‘ಪಾಜನ್’. ಹಿರಿಯರಿಗೆ ಎರಡು ಕೈಯಿಂದ ಸುರಿಯಬೇಕು, ಅವರೆದುರು ಮುಖ ತುಸು ತಿರುಗಿಸಿ ಕುಡಿಯಬೇಕು ಎಂಬ ಮರ್ಯಾದೆಯನ್ನೂ ಹೇಳಿಕೊಡುತ್ತಾರೆ. ಕಲಸಿದ್ದನ್ನು ಮನೆಗೆ ಕೊಂಡೊಯ್ಯುವವರಿಗೆ ಒಂದು ಎಚ್ಚರಿಕೆ: ಮುಚ್ಚಳ ಬಿಗಿಯಬೇಡಿ, ಒಳಗಿನ ಅನಿಲ ಬಾಟಲಿಯನ್ನೇ ಒಡೆದೀತು. ವಿಮಾನದಲ್ಲಿ ಒಯ್ಯಲು ತಕ್ಕ ವಸ್ತುವಲ್ಲ ಅದು. ಮೂರು ದಿನ ಇದ್ದು ಹೋಗುವವನು ತನ್ನ ಜಾಡಿ ಪಕ್ವವಾಗುವುದನ್ನು ನೋಡುವುದೇ ಇಲ್ಲ.

ಹಾಗಾದರೆ ಮೂರು ಗಂಟೆಯಲ್ಲಿ ಕಲಿತದ್ದೇನು ಎಂದು ಕೇಳಬಹುದು. ಮೂರು ಗಂಟೆಯ ತರಗತಿ ಅತ್ತೆಯ ಅಡುಗೆಮನೆಗೆ ಸಮವಲ್ಲ, ನಿಜ. ಅಡುಗೆಮನೆಯಲ್ಲಿ ಸೊಸೆ ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಕಲಿಯುತ್ತಿದ್ದಳು. ಪ್ರವಾಸಿಗೆ ಒಂದೇ ಸಲ. ಆದರೆ ಅವನು ಕೊಡುವ ಶುಲ್ಕದಿಂದ ತರಗತಿ ನಡೆಯುತ್ತದೆ, ಅದೇ ಮೇಜಿಗೆ ನಾಳೆ ಆ ಊರಿನ ಹುಡುಗಿಯೊಬ್ಬಳು ಬಂದು ಕೂರುತ್ತಾಳೆ. ಅವಳು ಕಲಸಿದ ಜಾಡಿ ಅವಳ ಮನೆಯಲ್ಲೇ ಉಳಿಯುತ್ತದೆ. ವಾರದ ನಂತರ ಅದನ್ನು ಸೋಸಿ, ರುಚಿ ನೋಡಿ, ಮುಂದಿನ ಸಲ ನೀರು ಕಡಿಮೆ ಹಾಕಬೇಕೆಂದು ಅವಳು ಅಂದುಕೊಂಡರೆ ಆ ಮನೆಯಲ್ಲಿ ಕೆಲಸ ಮತ್ತೆ ಶುರುವಾಯಿತು ಎನ್ನಬೇಕು.